ಬುದ್ಧಿಬಳದ ಸೀಮೆಗೊಂದು ಪರದೆಯ ಸಮರ: ‘ಪೋಕೆಮಾನ್ ಸ್ಟೇಡಿಯಂ’ ಆಡುವ ಕ್ರಮ

ಸಾಂಗಲಿ, ಮಿರಜ, ಕುಪವಾಡ ಎಂಬ ಮೂರೂರುಗಳ ಈ ಸೀಮೆಯು, ಭಾವುಸಾಹೇಬ ಪಡಸಲಗೀಕರರು 1941ರಲ್ಲಿ ನೂತನ ಬುದ್ಧಿಬಳ ಮಂಡಳವನ್ನು ಸ್ಥಾಪಿಸಿದಂದಿನಿಂದ, ಬುದ್ಧಿಬಳದ, ಎಂದರೆ ಚದುರಂಗದ, ಪಂದ್ಯಗಳಿಗೂ ಆಟಗಾರರಿಗೂ ಆಶ್ರಯವಾಗಿ ಬಂದಿದೆ. ಎದುರಾಳಿಯ ಮನಸ್ಸನ್ನು ಊಹಿಸಿ, ತನ್ನ ಬಲವನ್ನು ಮಿತವಾಗಿ ವ್ಯಯಿಸಿ, ಮುಂದಣ ನಡೆಯನ್ನು ಮೊದಲೇ ನಿಶ್ಚಯಿಸುವ ಆ ಶಿಸ್ತು ಮಣೆಯ ಮೇಲಷ್ಟೇ ದೊರೆಯುವುದೆಂದು ಭಾವಿಸಬೇಕಾಗಿಲ್ಲ, ಟಿ.ವಿ. ಪರದೆಯ ಮೇಲೆ ಆಡುವ ವಿಡಿಯೋ ಗೇಮುಗಳಲ್ಲಿಯೂ, ಬೆರಳಿನ ವೇಗಕ್ಕಿಂತ ವಿವೇಚನೆಗೆ ಹೆಚ್ಚಿನ ಮನ್ನಣೆ ನೀಡುವಂಥವು ಕೆಲವುಂಟು. ನಿಂಟೆಂಡೊ 64 ಯಂತ್ರದ ‘ಪೋಕೆಮಾನ್ ಸ್ಟೇಡಿಯಂ’ ಅವುಗಳಲ್ಲಿ ಶ್ರೇಷ್ಠವಾದುದು. ಈ ಹಳೆಯ ಯಂತ್ರವು ಮನೆಯಲ್ಲಿರುವವರು, ಅಥವಾ ಪರದೇಶದ ಬಂಧುಗಳಿಂದ ಅದನ್ನು ಪಡೆದವರು, ಆಟವನ್ನು ಕ್ರಮವಾಗಿ ಕಲಿಯಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದೆ.

ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುವ ಹವ್ಯಾಸವಿದ್ದ ಸತೋಶಿ ತಾಜಿರಿ ಎಂಬ ಜಪಾನೀಯರ ಕಲ್ಪನೆಯಿಂದ ಹುಟ್ಟಿದ ಪೋಕೆಮಾನ್ ಆಟಗಳು 1996ರ ಫೆಬ್ರುವರಿ 27ರಂದು ಗೇಮ್ ಬಾಯ್ ಎಂಬ ಕೈಯಂತ್ರದಲ್ಲಿ ಮೊದಲು ಪ್ರಕಟವಾದುವು. ಪೋಕೆಮಾನ್ ಎಂಬ ಹೆಸರಿನ, ಆ ಆಟಗಳ ವಿಚಿತ್ರ ಪ್ರಾಣಿಗಳ ಕಾದಾಟವನ್ನು ಮನೆಯ ಟಿ.ವಿ.ಗೆ ತಂದುದೇ ಸ್ಟೇಡಿಯಂ. ಜಪಾನಿನಲ್ಲಿ 1999ರಲ್ಲಿಯೂ, ಅಮೆರಿಕ ಮತ್ತು ಯೂರೋಪುಗಳಲ್ಲಿ 2000ದಲ್ಲಿಯೂ ಹೊರಬಂದ ಇದರಲ್ಲಿ ಅಂದಿನ 151 ಪ್ರಾಣಿಗಳೂ ಇವೆ. ಮುಂದೆ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾದ ಸತೋರು ಇವಾತಾ ಅವರು ಮೂಲ ಆಟದ ಪ್ರೋಗ್ರಾಮನ್ನು ತಾವೇ ಓದಿ ಅರ್ಥೈಸಿಕೊಂಡು, ಅದರ ಕಾದಾಟದ ನಿಯಮಗಳನ್ನು ನಿಂಟೆಂಡೊ 64 ಯಂತ್ರಕ್ಕೆ ಅಳವಡಿಸಿಕೊಟ್ಟರು.

1. ಯಂತ್ರದ ಜೋಡಣೆ

ಪ್ರಥಮತಃ ವಿದ್ಯುತ್ತಿನ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಯಂತ್ರದ ಅಡಾಪ್ಟರ್ 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ ಮನೆಗಳ 230 ವೋಲ್ಟಿಗೆ ಅವನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುವುದು ನಿಶ್ಚಿತ. ಆದುದರಿಂದ ತಕ್ಕ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರನ್ನು ಉಪಯೋಗಿಸತಕ್ಕದ್ದು. ಅಮೆರಿಕ, ಜಪಾನುಗಳ ಯಂತ್ರಗಳು ಎನ್‌ಟಿಎಸ್‌ಸಿ ಪದ್ಧತಿಯ ಚಿತ್ರವನ್ನೂ ಯೂರೋಪಿನವು ನಮ್ಮಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯ ಚಿತ್ರವನ್ನೂ ಕಳಿಸುವುದರಿಂದ, ನಿಮ್ಮ ಟಿ.ವಿ. ಯಾವುದನ್ನು ಸ್ವೀಕರಿಸುವುದೆಂದು ನೋಡಿಕೊಳ್ಳಿ. ಯೂರೋಪಿನ ಕಾರ್ಟ್ರಿಜ್ ಅಮೆರಿಕದ ಯಂತ್ರದಲ್ಲಿ ನಡೆಯದು. ಕಾರ್ಟ್ರಿಜನ್ನು ಹಾಕುವಾಗಲೂ ತೆಗೆಯುವಾಗಲೂ ಯಂತ್ರವನ್ನು ಆರಿಸಿರಬೇಕು.

2. ಪ್ರಾಣಿಗಳನ್ನು ಪಡೆಯುವುದು

ಇದಕ್ಕೆ ಎರಡು ಮಾರ್ಗಗಳುಂಟು. ಗೇಮ್ ಬಾಯ್‌ನ ರೆಡ್, ಬ್ಲೂ ಅಥವಾ ಯೆಲ್ಲೊ ಆಟದಲ್ಲಿ ಸಾಕಿದ ಪ್ರಾಣಿಗಳನ್ನು, ಕಂಟ್ರೋಲರಿನ ಹಿಂಬದಿಗೆ ಸಿಕ್ಕಿಸುವ ಟ್ರಾನ್ಸ್‌ಫರ್ ಪ್ಯಾಕ್ ಮೂಲಕ ತರಬಹುದು. ಅದಿಲ್ಲದವರಿಗೆ ಆಟವೇ ಬಾಡಿಗೆಯ ಪ್ರಾಣಿಗಳನ್ನು ಒದಗಿಸುತ್ತದೆ. ಇವುಗಳ ಆಯ್ಕೆಯಲ್ಲಿ ಹೆಸರಿಗೆ ಮರುಳಾಗಬಾರದು. ಪೂರ್ಣ ವಿಕಾಸ ಹೊಂದಿದ ಪ್ರಾಣಿಗೆ ದುರ್ಬಲ ಪಟ್ಟುಗಳನ್ನೂ (ಮೂವ್), ವಿಕಾಸ ಹೊಂದದ ಚಿಕ್ಕ ಪ್ರಾಣಿಗೆ ಉತ್ತಮ ಪಟ್ಟುಗಳನ್ನೂ ಕೊಟ್ಟು ಸಮತೋಲನ ಮಾಡಿರುವುದು ಅನೇಕ ಕಡೆ ಕಾಣುತ್ತದೆ. ಆದುದರಿಂದ ಪ್ರತಿಯೊಂದರ ನಾಲ್ಕು ಪಟ್ಟುಗಳನ್ನೂ ಓದಿಯೇ ಆರಿಸಿಕೊಳ್ಳಿ.

3. ಗುಣಗಳ ಅರಿವು

ಈ ಆಟದ ಸಾರವೆಲ್ಲ ಇಲ್ಲಿದೆ. ಪ್ರಾಣಿಗಳಿಗೂ ಪಟ್ಟುಗಳಿಗೂ ಒಟ್ಟು 15 ಗುಣಗಳು (ಟೈಪ್) ಉಂಟು. ಜಲವು ಅಗ್ನಿಯನ್ನು, ಅಗ್ನಿಯು ಸಸ್ಯವನ್ನು, ಸಸ್ಯವು ಜಲವನ್ನು ಮೀರುತ್ತದೆ. ಮೀರಿದ ಕಡೆ ಪೆಟ್ಟು ಇಮ್ಮಡಿಯಾಗುತ್ತದೆ, ಸೋತ ಕಡೆ ಅರ್ಧಕ್ಕಿಳಿಯುತ್ತದೆ. ರೈಡಾನ್ ಎಂಬುದು ಭೂಮಿ ಮತ್ತು ಶಿಲೆ ಎಂಬ ಎರಡು ಗುಣಗಳ ಪ್ರಾಣಿಯಾದುದರಿಂದ ಜಲದ ಪೆಟ್ಟು ಅದಕ್ಕೆ ನಾಲ್ಮಡಿಯಾಗಿ ತಗಲುತ್ತದೆ. ಅದೇ ಪ್ರಾಣಿಗೆ ವಿದ್ಯುತ್ತಿನ ಪೆಟ್ಟು ಕಿಂಚಿತ್ತೂ ನಾಟುವುದಿಲ್ಲ. ಪ್ರಾಣಿಯು ತನ್ನದೇ ಗುಣದ ಪಟ್ಟನ್ನು ಪ್ರಯೋಗಿಸಿದಾಗ ಅದರ ಬಲ ಒಂದೂವರೆ ಪಟ್ಟಾಗುವುದೆಂಬುದನ್ನೂ ನೆನಪಿನಲ್ಲಿಡಬೇಕು.

4. ತಂಡದ ರಚನೆ

ಆರು ಪ್ರಾಣಿಗಳನ್ನು ನೋಂದಾಯಿಸಿ, ಎದುರಾಳಿಯ ಆರನ್ನೂ ನೋಡಿದ ಮೇಲೆ, ಮೂರನ್ನು ಮಾತ್ರ ಕಣಕ್ಕಿಳಿಸಬೇಕು. ಒಂದೇ ಗುಣದ ಆರು ಮಹಾಬಲರಿಗಿಂತ, ಒಂದರ ಕೊರತೆಯನ್ನು ಇನ್ನೊಂದು ತುಂಬುವ ಆರು ಮಧ್ಯಮರು ಮೇಲು. ಜೋಲ್ಟಿಯಾನ್ ವಿದ್ಯುತ್ತಿನದು, ಭೂಮಿಗೆ ಅಂಜುತ್ತದೆ. ಲ್ಯಾಪ್ರಸ್ ಜಲದ್ದು, ಭೂಮಿಯನ್ನು ಮೀರುತ್ತದೆ. ಅಂತೆಯೇ ಲ್ಯಾಪ್ರಸ್ಸಿಗೆ ಅಪಾಯವಾದ ಸಸ್ಯದ ಪ್ರಾಣಿಗಳನ್ನು ಅಗ್ನಿಯ ಆರ್ಕನೈನ್ ಎದುರಿಸಬಲ್ಲದು. ಇಂಥ ಪರಸ್ಪರಾವಲಂಬನವನ್ನು ಕಾಗದದ ಮೇಲೆ ಬರೆದುಕೊಂಡೇ ತಂಡವನ್ನು ಕಟ್ಟಿರಿ.

5. ಕಾದಾಟದ ಸರದಿ

ಎ ಗುಂಡಿಯಿಂದ ಆಕ್ರಮಣವನ್ನೂ ಬಿ ಗುಂಡಿಯಿಂದ ಪ್ರಾಣಿಯ ಬದಲಾವಣೆಯನ್ನೂ ತೆರೆದು, ಪಟ್ಟನ್ನು ನಾಲ್ಕು ಸಿ ಗುಂಡಿಗಳಲ್ಲೊಂದರಿಂದ ಆರಿಸಬೇಕು. ಹೀಗಾಗಿ ಒಂದೇ ಪರದೆಯ ಮುಂದೆ ಕುಳಿತ ಎದುರಾಳಿಗೂ ನಿಮ್ಮ ಆಯ್ಕೆ ತಿಳಿಯದು. ಸಾಮಾನ್ಯವಾಗಿ ಹೆಚ್ಚು ವೇಗವುಳ್ಳ ಪ್ರಾಣಿಯೇ ಮೊದಲು ಎರಗುತ್ತದೆ. ಬದಲಾವಣೆಗೆ ಒಂದು ಸರದಿ ವೆಚ್ಚವಾಗುವುದರಿಂದ, ಒಳಬರುವ ಪ್ರಾಣಿಯು ಎದುರಾಳಿಯ ಪೆಟ್ಟನ್ನು ತಾಳಬಲ್ಲುದೇ ಎಂದು ಮೊದಲೇ ಯೋಚಿಸಿರಿ. ಪಾರ್ಶ್ವವಾಯು ತಗಲಿದ ಪ್ರಾಣಿಯ ವೇಗವು ಕಾಲುಭಾಗಕ್ಕಿಳಿದು, ನಾಲ್ಕರಲ್ಲೊಂದು ಸಲ ಅದು ಚಲಿಸಲಾರದೆ ನಿಲ್ಲುವುದರಿಂದ, ಅತಿವೇಗದ ಶತ್ರುವಿಗೆ ಅದೇ ತಕ್ಕ ಮದ್ದು. ಹೈಪರ್ ಬೀಮ್ ಭೀಕರವಾದ ಪಟ್ಟೇ ಹೌದು. ಆದರೆ ಮೂಲ ಗೇಮ್ ಬಾಯ್ ಆಟದಲ್ಲಿ ಶತ್ರುವನ್ನು ಉರುಳಿಸಿದರೆ ತಪ್ಪುತ್ತಿದ್ದ ವಿಶ್ರಾಂತಿಯ ಸರದಿಯು ಇಲ್ಲಿ ತಪ್ಪುವುದಿಲ್ಲವಾದುದರಿಂದ, ಅದನ್ನು ಕೊನೆಯ ಶತ್ರುವಿಗಾಗಿ ಕಾದಿರಿಸುವುದು ಲೇಸು.

6. ಪಂದ್ಯಗಳ ಅನುಕ್ರಮ

ಪಿಕಾ ಕಪ್ ಎಂಬ ಪಂದ್ಯಾವಳಿಯು 15ರಿಂದ 20ನೆಯ ಲೆವೆಲಿನ ಪ್ರಾಣಿಗಳಿಗೆ, ಪೆಟಿಟ್ ಕಪ್ 25ರಿಂದ 30ರವುಗಳಿಗೆ, ಪೋಕೆ ಕಪ್ 50ರಿಂದ 55ರವುಗಳಿಗೆ ಮೀಸಲು. ಪೋಕೆ ಕಪ್ಪಿನಲ್ಲಿ ಕಣಕ್ಕಿಳಿಯುವ ಮೂರರ ಲೆವೆಲುಗಳ ಮೊತ್ತವು 155ನ್ನು ಮೀರಬಾರದು. ಪ್ರೈಮ್ ಕಪ್ 100ನೆಯ ಲೆವೆಲಿನವರೆಗೂ ತೆರೆದಿದೆ. ಒಂದು ಪ್ರಾಣಿಯನ್ನೂ ಕಳೆದುಕೊಳ್ಳದೆ ಗೆದ್ದ ಪಂದ್ಯಕ್ಕೆ, ಮುಂದೆ ಸೋತಾಗ ಮತ್ತೊಮ್ಮೆ ಆಡುವ ಅವಕಾಶವು ಬಹುಮಾನವಾಗಿ ಲಭಿಸುವುದರಿಂದ, ಆರಂಭದ ಸುಲಭ ಪಂದ್ಯಗಳನ್ನೂ ಜಾಗ್ರತೆಯಿಂದಲೇ ಆಡತಕ್ಕದ್ದು. ಎಂಟು ಜಿಮ್ ನಾಯಕರೆಂಬ ಎದುರಾಳಿಗಳ ಕೋಟೆಯನ್ನೂ ಎಲ್ಲ ಕಪ್ಪುಗಳನ್ನೂ ಜಯಿಸಿದವರಿಗೆ ಮ್ಯೂಟೂ ಎಂಬ ಪ್ರಾಣಿಯು ಎದುರಾಗುತ್ತದೆ. ಅದನ್ನೂ ಗೆದ್ದರೆ ಇನ್ನಷ್ಟು ಕಠಿಣವಾದ ಎರಡನೆಯ ಸುತ್ತು ತೆರೆಯುತ್ತದೆ.

7. ಸೋಲಿನ ವಿಮರ್ಶೆ

ಪಂದ್ಯ ಮುಗಿದೊಡನೆ ಮುಂದಿನದಕ್ಕೆ ಧಾವಿಸದೆ, ಯಾವ ಸರದಿಯಲ್ಲಿ ಯಾವ ಆಯ್ಕೆಯು ಕೆಟ್ಟಿತೆಂಬುದನ್ನು ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ಕನ್ನಡದಲ್ಲಿಯೇ ಚರ್ಚಿಸಲಿ. ಆಡಿದ ಆಟವನ್ನು ಮರಳಿ ಪರಿಶೀಲಿಸುವ ಬುದ್ಧಿಬಳದ ಪಟುಗಳ ಆ ಅಭ್ಯಾಸವು ಇಲ್ಲಿಯೂ ಫಲ ಕೊಡುತ್ತದೆ. ಹತ್ತು ಪಂದ್ಯಗಳನ್ನು ಅವಸರದಿಂದ ಆಡಿದ ಮಗುವಿಗಿಂತ, ಒಂದನ್ನು ಆಡಿ ಅದರ ಕಾರಣಗಳನ್ನು ಹೇಳಬಲ್ಲ ಮಗುವು ನಿಜವಾಗಿ ಹೆಚ್ಚು ಕಲಿತಿರುತ್ತದೆ.