ಎತ್ತರಕ್ಕಿಂತ ಮೊದಲು ವೇಗ

1936ನೆಯ ಇಸವಿಯಲ್ಲಿ ಸರಳಾ ಠಕ್ರಾಲ್ ಎಂಬ ಭಾರತೀಯ ತರುಣಿಯು ಸೀರೆಯುಟ್ಟು, ಜಿಪ್ಸಿ ಮಾತ್ ಎಂಬ ಚಿಕ್ಕ ವಿಮಾನದಲ್ಲಿ ಒಬ್ಬಳೇ ಕುಳಿತು ಆಕಾಶಕ್ಕೇರಿದಳು. ಇದನ್ನು ಓದಿದ ವಿದ್ಯಾರ್ಥಿನಿಯರು, ವಿಮಾನವನ್ನು ಮೇಲಕ್ಕೇರಿಸುವ ಬಗೆ ಹೇಗೆಂದು ನಮ್ಮನ್ನು ಕೇಳುವುದುಂಟು. ಅದರ ಮೂತಿಯನ್ನು ಎತ್ತಿದರೆ ಸಾಕೆಂದು ಹಲವರು ಭಾವಿಸಿರುವರು. ಈ ಭಾವನೆಯು ಅರೆಸತ್ಯವಾದುದಲ್ಲದೆ ಅಪಾಯಕರವಾದುದೂ ಹೌದು. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸುವೆವು.

ಉದಾಹರಣೆಗಾಗಿ, ಅಮೇರಿಕದ ಸೆಸ್ನಾ ಕಂಪೆನಿಯವರು 1977ರಿಂದ 1985ರ ವರೆಗೆ ನಿರ್ಮಿಸಿದ ಸೆಸ್ನಾ 152 ಎಂಬ ಶಿಕ್ಷಣವಿಮಾನವನ್ನು ತೆಗೆದುಕೊಳ್ಳೋಣ. ಇದರಲ್ಲಿ ಇಬ್ಬರಿಗೆ ಸ್ಥಳವಿದೆ. ಎಂಜಿನ್ನಿಗೆ 110 ಅಶ್ವಶಕ್ತಿಯಿದೆ. ವೇಗವನ್ನು ನಾಟ್‌ಗಳಲ್ಲಿ ಹೇಳುವರು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರು.

ನೆಲವನ್ನು ಬಿಡುವುದು

ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಗಳ ಸುತ್ತ ಹರಿಯುವ ಗಾಳಿ. ಆದುದರಿಂದಲೇ ಗಾಳಿಗೆ ಎದುರಾಗಿ ಓಡಬೇಕು. ಎದುರುಗಾಳಿಯು 10 ನಾಟ್ ಇದ್ದರೆ, ವಿಮಾನವು ನಿಂತಿರುವಾಗಲೇ ರೆಕ್ಕೆಗೆ ಅಷ್ಟು ವೇಗವು ದೊರಕಿರುತ್ತದೆ. ಥ್ರಾಟಲನ್ನು ಮೆಲ್ಲನೆ ಪೂರ್ತಿಯಾಗಿ ತೆರೆಯಲು ವಿಮಾನವು ಎಡಕ್ಕೆ ಸರಿಯತೊಡಗುವುದು. ಬಲಗಾಲಿನಿಂದ ರಡ್ಡರ್ ಒತ್ತಿ ಅದನ್ನು ನೇರವಾಗಿರಿಸಬೇಕು. ಎಂಜಿನ್ನಿನ ಸುತ್ತುಗಳೂ ಎಣ್ಣೆಯ ಒತ್ತಡವೂ ಸರಿಯಾಗಿವೆಯೇ, ವೇಗದ ಮುಳ್ಳು ಏರುತ್ತಿದೆಯೇ ಎಂದು ನೋಡಬೇಕು. ಯಾವುದಾದರೊಂದು ತಪ್ಪಿದ್ದರೆ ಆಗಲೇ ಥ್ರಾಟಲ್ ಮುಚ್ಚಿ ನಿಲ್ಲಿಸತಕ್ಕದ್ದು. ಮುಳ್ಳು 50ಕ್ಕೆ ಬಂದಾಗ ಚುಕ್ಕಾಣಿಯನ್ನು ಮೆಲ್ಲನೆ ತನ್ನೆಡೆಗೆ ಸೆಳೆದರೆ ಮುಂಗಾಲಿಯು ಎದ್ದು, ವಿಮಾನವು ತಾನಾಗಿ ನೆಲವನ್ನು ಬಿಡುವುದು.

ಬೆಂಗಳೂರಿನ ಜಕ್ಕೂರಿನಲ್ಲಿ ಹಾರಲು ಕಲಿಯುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಆ ಸ್ಥಳವು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿಯ ಗಾಳಿಯು ತೆಳು. ಬೇಸಿಗೆಯ ಮಧ್ಯಾಹ್ನದಲ್ಲಿ ಇನ್ನೂ ತೆಳು. ಎಂಜಿನ್ನಿನ ಬಲವು ಕುಗ್ಗುವುದರಿಂದ ಓಟವು ಉದ್ದವಾಗುವುದು. ಆಗಲೂ ಮುಳ್ಳು 50ಕ್ಕೆ ಬರುವ ತನಕ ಕಾಯಲೇಬೇಕು; ಬೇಸರದಿಂದ ಸೆಳೆಯಲಾಗದು.

ಏರುವುದು

ಏರುವಾಗ ಎರಡು ವೇಗಗಳನ್ನು ಅರಿತಿರಬೇಕು. ಸಮುದ್ರಮಟ್ಟದ ಸಮೀಪದಲ್ಲಿ 67 ನಾಟ್ ವೇಗದಿಂದ ಹೋದರೆ ಒಂದು ನಿಮಿಷದಲ್ಲಿ ಅತಿ ಹೆಚ್ಚು ಎತ್ತರವು ದೊರಕುವುದು. ಮುಂದೆ ಮರಗಳಿದ್ದರೆ 55 ನಾಟ್ ವೇಗವು ಅತಿ ಕಡಿಮೆ ದೂರದಲ್ಲಿ ಅತಿ ಹೆಚ್ಚು ಎತ್ತರವನ್ನು ಕೊಡುವುದು. ಇದಕ್ಕಿಂತಲೂ ಬೇಗ ಏರುವ ಆತುರದಿಂದ ಮೂತಿಯನ್ನು ಇನ್ನೂ ಎತ್ತಿದರೆ, ವೇಗವು ಕುಗ್ಗಿ ಏರುವ ಶಕ್ತಿಯೇ ಕಡಿಮೆಯಾಗುವುದು. ಕೊನೆಗೆ ಎದುರು ಬರುವ ಗಾಳಿಗೆ ರೆಕ್ಕೆಯು ಅತಿಯಾಗಿ ಓರೆಯಾಗಲು, ಗಾಳಿಯ ಹರಿವು ಮೇಲ್ಮೈಯನ್ನು ಬಿಟ್ಟು ಚದುರಿ, ವಿಮಾನವು ಕುಸಿಯುವುದು. ಇದಕ್ಕೆ ಸ್ಟಾಲ್ ಎಂದು ಹೆಸರು.

ನೆಲವನ್ನು ಬಿಟ್ಟ ಸ್ವಲ್ಪದರಲ್ಲೇ ಎಂಜಿನ್ ನಿಂತರೆ ಮಾಡತಕ್ಕ ಮೊದಲ ಕೆಲಸವು ಮೂತಿಯನ್ನು ಇಳಿಸಿ ವೇಗವನ್ನು ಉಳಿಸಿಕೊಳ್ಳುವುದು. ಎರಡನೆಯದು, ಮುಂದೆ ಕಾಣುವ ಬಯಲಲ್ಲಿ ಇಳಿಯುವುದು. ಬಿಟ್ಟುಬಂದ ರನ್‌ವೇಗೆ ಹಿಂದಿರುಗಬೇಕೆಂಬ ಮನಸ್ಸಾಗುವುದು ಸಹಜ. ಆದರೆ ತಿರುಗುವಾಗ ಎತ್ತರವು ಬೇಗನೆ ಕಳೆದುಹೋಗುವುದು; ಸ್ಟಾಲ್ ಆಗುವ ವೇಗವೂ ಹೆಚ್ಚುವುದು. ಹೀಗೆ ತಿರುಗಲು ಹೋಗಿ ಪ್ರಾಣ ಕಳೆದುಕೊಂಡವರು ಹಲವರು.

ಸಮಮಟ್ಟದಲ್ಲಿ ಹಾರುವುದು

ಬೇಕಾದ ಎತ್ತರವನ್ನು ಮುಟ್ಟಿದ ಮೇಲೂ ಕ್ರಮವುಂಟು. ಮೊದಲು ಮೂತಿಯನ್ನು ಸಮಕ್ಕೆ ತರಬೇಕು. ಬಳಿಕ ವೇಗವು ಬೆಳೆಯುವಂತೆ ಬಿಡಬೇಕು. ಆಮೇಲೆ ಥ್ರಾಟಲನ್ನು ತಗ್ಗಿಸಬೇಕು. ಕೊನೆಗೆ ಟ್ರಿಮ್ ಚಕ್ರವನ್ನು ತಿರುಗಿಸಿ ಕೈಯ ಭಾರವನ್ನು ನೀಗಬೇಕು. ಮೊದಲೇ ಥ್ರಾಟಲ್ ತಗ್ಗಿಸಿದವಳಿಗೆ ವೇಗವೂ ಸಿಗದು, ಎತ್ತರವೂ ನಿಲ್ಲದು. ಮೇಲಿನ ತೆಳುಗಾಳಿಗೆ ಪೆಟ್ರೋಲು ಹೆಚ್ಚಾಗದಂತೆ ಮಿಶ್ರಣವನ್ನೂ ಹದಗೊಳಿಸಬೇಕು. ತೇವವುಳ್ಳ ಹವೆಯಲ್ಲಿ, ಸೆಕೆಯ ದಿನದಲ್ಲಿಯೂ, ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಕಾರಣವಿಲ್ಲದೆ ಎಂಜಿನ್ನಿನ ಸುತ್ತುಗಳು ಇಳಿದರೆ ಅದೇ ಮೊದಲ ಸೂಚನೆ. ಕೂಡಲೇ ಬಿಸಿಗಾಳಿಯ ಗುಂಡಿಯನ್ನು ಪೂರ್ತಿಯಾಗಿ ಎಳೆಯಬೇಕು.

ನೆಲವನ್ನು ಬಿಡುವಾಗಲೂ ಏರುವಾಗಲೂ ಸಮವಾಗಿ ಹಾರುವಾಗಲೂ ನಿಯಮವು ಒಂದೇ ಎಂಬುದನ್ನು ವಿದ್ಯಾರ್ಥಿನಿಯರು ಗಮನಿಸಿರಬಹುದು. ಮೊದಲು ವೇಗ, ಅನಂತರ ಎತ್ತರ. ಆತುರದಿಂದ ಮೇಲಕ್ಕೆ ಸೆಳೆದವಳನ್ನು ಗಾಳಿಯು ಕೈಬಿಡುವುದು. ಮುಳ್ಳನ್ನು ನೋಡುತ್ತ ಕಾದವಳನ್ನು ಅದೇ ಗಾಳಿಯು ಹೊತ್ತು ನಡೆಸುವುದು.