ವಿದ್ಯಾರ್ಥಿಯೋ, ಕೆಲಸಗಾರನೋ? ಕೆನಡಾದ ಒಂದು ಕಿರಿಯರ ಐಸ್ ಹಾಕಿ ಲೀಗಿನ ಇತಿಹಾಸ

ಐಸ್ ಹಾಕಿ ನಮಗೆ ಹೆಚ್ಚು ಪರಿಚಯವಿಲ್ಲದ ಆಟ. ಮಂಜುಗಡ್ಡೆಯ ಅಂಗಳ, ಕಾಲಿಗೆ ಸ್ಕೇಟು, ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ನಮ್ಮಲ್ಲಿ ಕ್ರಿಕೆಟ್‌ಗೆ ಇರುವ ಸ್ಥಾನ ಕೆನಡಾದಲ್ಲಿ ಈ ಆಟಕ್ಕಿದೆ. ಅಲ್ಲಿನ ಪಶ್ಚಿಮ ಭಾಗದ ಕಿರಿಯರ ಲೀಗಿನ ಹೆಸರು ವೆಸ್ಟರ್ನ್ ಹಾಕಿ ಲೀಗ್. ಇದರಲ್ಲಿ ಆಡುವವರು ಹೆಚ್ಚಾಗಿ 16ರಿಂದ 20 ವಯಸ್ಸಿನವರು, ಅಂದರೆ ನಮ್ಮ ವಯಸ್ಸಿನವರೇ. ವಾಣಿಜ್ಯ ವಿಭಾಗದ ನಾವು ಓದುವ ಕರಾರು, ಕೂಲಿ, ಮಾರುಕಟ್ಟೆ ಎಂಬ ಪಾಠಗಳೆಲ್ಲ ಈ ಲೀಗಿನ ಇತಿಹಾಸದಲ್ಲಿ ಸಿಗುತ್ತವೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಆರಂಭ

ಹಿಂದೆ ಕೆನಡಾದ ಕಿರಿಯರ ತಂಡಗಳಿಗೆ ನ್ಯಾಷನಲ್ ಹಾಕಿ ಲೀಗಿನ ದೊಡ್ಡ ತಂಡಗಳೇ ಹಣ ಕೊಡುತ್ತಿದ್ದವು. ಬದಲಿಗೆ ಆ ಹುಡುಗರ ಮೇಲಿನ ಹಕ್ಕು ದೊಡ್ಡ ತಂಡಕ್ಕೆ ಸೇರುತ್ತಿತ್ತು. 1960ರ ದಶಕದಲ್ಲಿ ಈ ಪದ್ಧತಿ ಕೊನೆಗೊಳ್ಳುತ್ತಾ ಬಂತು. ಇನ್ನು ಮುಂದೆ ಕಿರಿಯರ ತಂಡಗಳು ಟಿಕೆಟ್ ಮಾರಿ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಿತ್ತು. ಎಡ್ಮಂಟನ್ ತಂಡದ ಬಿಲ್ ಹಂಟರ್ ಮತ್ತು ಅವರ ಜೊತೆಗಾರರು 1966ರಲ್ಲಿ ಹೊಸ ಲೀಗ್ ಕಟ್ಟಿದರು. ಸಸ್ಕಾಚೆವಾನ್ ಪ್ರಾಂತ್ಯದ ಐದು ಮತ್ತು ಆಲ್ಬರ್ಟಾದ ಎರಡು, ಒಟ್ಟು ಏಳು ತಂಡಗಳು ಸೇರಿದವು. ಕೆನಡಾದ ಹವ್ಯಾಸಿ ಹಾಕಿ ಸಂಸ್ಥೆ ಇದಕ್ಕೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಮೊದಲ ವರ್ಷ ಮೆಮೋರಿಯಲ್ ಕಪ್‌ಗೆ ಆಡುವ ಅವಕಾಶವೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ 1919ರಲ್ಲಿ ಸ್ಥಾಪನೆಯಾದ ಈ ಕಪ್ ಕಿರಿಯರ ಹಾಕಿಯ ಅತಿ ದೊಡ್ಡ ಪ್ರಶಸ್ತಿ.

ಮಾನ್ಯತೆ ಇಲ್ಲದಿದ್ದರೂ ಲೀಗ್ ಬೆಳೆಯಿತು. 1976ರಲ್ಲಿ ಎಡ್ಮಂಟನ್ ತಂಡ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಕ್ಕೆ ಸ್ಥಳಾಂತರವಾಯಿತು. ಎರಡು ದೇಶಗಳಲ್ಲಿ ತಂಡಗಳಾದ ಮೇಲೆ, 1978ರಲ್ಲಿ ಲೀಗಿನ ಹೆಸರಿನಿಂದ ಕೆನಡಾ ಎಂಬ ಪದವನ್ನು ಕೈಬಿಡಲಾಯಿತು.

ಆಯ್ಕೆ ಮತ್ತು ಕರಾರು

1990ರಿಂದ ಇಲ್ಲಿ ಡ್ರಾಫ್ಟ್ ಪದ್ಧತಿ ಇದೆ. ಐಪಿಎಲ್ ಹರಾಜಿನಲ್ಲಿ ತಂಡಗಳು ಬೆಲೆ ಕೂಗುತ್ತವೆ. ಇಲ್ಲಿ ಕೂಗುವುದಿಲ್ಲ, ಸರದಿಯ ಪ್ರಕಾರ ಹುಡುಗರನ್ನು ಆರಿಸುತ್ತವೆ. ಆರಿಸಿದ ತಂಡ ಬಿಟ್ಟುಕೊಡದ ಹೊರತು ಆ ಹುಡುಗ ಲೀಗಿನ ಬೇರೆ ತಂಡಕ್ಕೆ ಹೋಗುವಂತಿಲ್ಲ. ಆಗ ಅವನಿಗೆ ಹದಿನಾಲ್ಕೋ ಹದಿನೈದೋ ವರ್ಷ.

ಆಯ್ಕೆಯಾದವನು ಮನೆ ಬಿಟ್ಟು ತಂಡದ ಊರಿಗೆ ಹೋಗುತ್ತಾನೆ. ಅಲ್ಲಿನ ಒಂದು ಕುಟುಂಬ ಅವನಿಗೆ ಊಟ, ವಸತಿ ಕೊಟ್ಟು ಮನೆಮಗನಂತೆ ನೋಡಿಕೊಳ್ಳುತ್ತದೆ. ಬೆಳಗ್ಗೆ ಶಾಲೆ, ನಂತರ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 68 ಪಂದ್ಯಗಳು. ಕೈಖರ್ಚಿಗೆ ಸ್ವಲ್ಪ ಹಣ ಸಿಗುತ್ತದೆ. ಮುಖ್ಯ ಸಂಭಾವನೆ ನಗದಲ್ಲ, ವಿದ್ಯಾರ್ಥಿವೇತನ. 1993ರಿಂದ ಇರುವ ಈ ಯೋಜನೆಯಂತೆ, ಒಂದು ಋತು ಆಡಿದರೆ ಮುಂದೆ ಒಂದು ವರ್ಷದ ಕಾಲೇಜು ಶುಲ್ಕ ಮತ್ತು ಪಠ್ಯಪುಸ್ತಕದ ಖರ್ಚನ್ನು ಕೊಡಲಾಗುತ್ತದೆ. ಇದಕ್ಕೆ ಷರತ್ತುಗಳೂ ಇವೆ.

ತೆತ್ತ ಬೆಲೆ

ಊರಿಂದ ಊರಿಗೆ ನೂರಾರು ಕಿಲೋಮೀಟರ್ ಚಳಿಗಾಲದ ಬಸ್ ಪ್ರಯಾಣ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ ಉರುಳಿ ನಾಲ್ವರು ಆಟಗಾರರು ತೀರಿಕೊಂಡರು. ಅದೇ ತಂಡ 1989ರಲ್ಲಿ ಮೆಮೋರಿಯಲ್ ಕಪ್ ಗೆದ್ದಾಗ ಊರೆಲ್ಲ ಸಂಭ್ರಮಿಸಿತು. ಆದರೆ ಆ ತಂಡದ ತರಬೇತುದಾರ ಗ್ರಹಾಂ ಜೇಮ್ಸ್ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಅಪಘಾತದಲ್ಲಿ ಬದುಕುಳಿದಿದ್ದ ಆಟಗಾರ ಶೆಲ್ಡನ್ ಕೆನಡಿ ಧೈರ್ಯ ಮಾಡಿ ಹೇಳಿದ ಮೇಲೆ, 1997ರಲ್ಲಿ ಜೇಮ್ಸ್‌ಗೆ ಜೈಲುಶಿಕ್ಷೆಯಾಯಿತು. ಮನೆಯಿಂದ ದೂರವಿರುವ ಹುಡುಗನ ಇಡೀ ಭವಿಷ್ಯ ಒಬ್ಬ ದೊಡ್ಡವನ ಕೈಯಲ್ಲಿದ್ದರೆ, ಆ ಹುಡುಗ ಬಾಯಿ ಬಿಡುವುದು ಎಷ್ಟು ಕಷ್ಟ ಎಂಬುದು ಆಗ ಕೆನಡಾಕ್ಕೆ ಅರ್ಥವಾಯಿತು.

ನ್ಯಾಯಾಲಯದ ಮುಂದೆ

ಉರ್ದುವಿನಲ್ಲಿ ಶಾಗಿರ್ದ್, ಮಜ್ದೂರ್ ಎಂಬ ಎರಡು ಪದಗಳಿವೆ. ಶಾಗಿರ್ದ್ ಎಂದರೆ ಕಲಿಯುವವನು, ಮಜ್ದೂರ್ ಎಂದರೆ ಕೂಲಿಗೆ ದುಡಿಯುವವನು. ಈ ಆಟಗಾರ ಇವೆರಡರಲ್ಲಿ ಯಾರು? 2014ರಲ್ಲಿ ಮಾಜಿ ಆಟಗಾರರು ಕೆನಡಾದ ಮೂರು ಪ್ರಮುಖ ಕಿರಿಯರ ಲೀಗುಗಳ ಮೇಲೆ ಮೊಕದ್ದಮೆ ಹೂಡಿ ಇದೇ ಪ್ರಶ್ನೆ ಕೇಳಿದರು. ನಮ್ಮ ಆಟದಿಂದ ಟಿಕೆಟ್ ಮಾರಾಟವಾಗುತ್ತದೆ, ಆದ್ದರಿಂದ ನಾವು ಕೆಲಸಗಾರರು, ಕನಿಷ್ಠ ವೇತನ ಕೊಡಿ ಎಂಬುದು ಅವರ ವಾದ. ಇವರು ಹವ್ಯಾಸಿ ವಿದ್ಯಾರ್ಥಿ ಆಟಗಾರರು, ಕೂಲಿ ಕೊಡಬೇಕಾದರೆ ಸಣ್ಣ ಊರಿನ ತಂಡಗಳು ಮುಚ್ಚಿಹೋಗುತ್ತವೆ ಎಂಬುದು ಲೀಗುಗಳ ವಾದ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸ್ವಿಫ್ಟ್ ಕರೆಂಟ್ ಊರಿನ ಜನಸಂಖ್ಯೆ ಸುಮಾರು 17,000. ಅಲ್ಲಿನ ತಂಡಕ್ಕೆ ಶ್ರೀಮಂತ ಮಾಲೀಕನಿಲ್ಲ, ಅದು ಊರವರದ್ದೇ.

ಸಸ್ಕಾಚೆವಾನ್ 2014ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯ 2015ರಲ್ಲಿ, ಬ್ರಿಟಿಷ್ ಕೊಲಂಬಿಯಾ 2016ರಲ್ಲಿ ಈ ಆಟಗಾರರನ್ನು ಕಾರ್ಮಿಕ ನಿಯಮಗಳಿಂದ ಹೊರಗಿಟ್ಟವು. 2020ರಲ್ಲಿ ಲೀಗುಗಳು 3 ಕೋಟಿ ಕೆನಡಾ ಡಾಲರ್‌ಗಳ ರಾಜಿಗೆ ಒಪ್ಪಿದವು. ಆದರೆ ರಾಜಿಯ ಷರತ್ತುಗಳು ಬೇರೆ ದೂರುಗಳಿಗೂ ಅಡ್ಡಿಯಾಗಬಹುದೆಂದು ನ್ಯಾಯಾಧೀಶರು ಆ ವರ್ಷ ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ಇಲ್ಲೊಂದು ವಿಚಿತ್ರ ಗಮನಿಸಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಇದೇ ಆಟಗಾರರನ್ನು ವೃತ್ತಿಪರರು ಎಂದು ಪರಿಗಣಿಸಿ ಕಾಲೇಜು ತಂಡಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೂಲಿ ಕೇಳಿದರೆ ನೀನು ಹವ್ಯಾಸಿ, ಕಾಲೇಜು ತಂಡಕ್ಕೆ ಬಂದರೆ ನೀನು ವೃತ್ತಿಪರ! ಎರಡು ಕಡೆಯೂ ನಷ್ಟ ಹುಡುಗನಿಗೇ.

ಎರಡನೆಯ ಬಾಗಿಲು

2024ರ ನವೆಂಬರ್‌ನಲ್ಲಿ ಎನ್‌ಸಿಎಎ ತನ್ನ ನಿಯಮ ಬದಲಿಸಿತು. 2025ರ ಆಗಸ್ಟ್‌ನಿಂದ ಈ ಆಟಗಾರರಿಗೂ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ತೆರೆಯಿತು. ಮೆಡಿಸಿನ್ ಹ್ಯಾಟ್ ತಂಡ 2025ರಲ್ಲಿ ವೆಸ್ಟರ್ನ್ ಲೀಗ್ ಗೆದ್ದ ಕೆಲವೇ ತಿಂಗಳಲ್ಲಿ ಅದರ ತಾರೆ, 17 ವರ್ಷದ ಗ್ಯಾವಿನ್ ಮೆಕೆನ್ನಾ, ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ.

ಇದರಿಂದ ನಾನು ಕಲಿತದ್ದು ಇಷ್ಟು: ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆಯಲ್ಲಿ ಮಾರುವವನ ಮಾತಿಗೆ ಬೆಲೆ ಕಡಿಮೆ. ಎಷ್ಟೋ ವರ್ಷ ವಾದಿಸಿದರೂ ಆಟಗಾರರಿಗೆ ಸಿಗದ ಆಯ್ಕೆ, ಎರಡನೆಯ ಬಾಗಿಲು ತೆರೆದ ಕೂಡಲೇ ಸಿಕ್ಕಿತು. ಆದರೆ ಆ ಬಾಗಿಲು ತೆರೆಯುವುದು ಚೆನ್ನಾಗಿ ಆಡುವ ಕೆಲವರಿಗೆ ಮಾತ್ರ. ಉಳಿದವರ ಹಿತ ಕಾಯಬೇಕಾದದ್ದು ಸ್ಪಷ್ಟವಾದ ಕರಾರು ಮತ್ತು ಕಾನೂನು.

ಚರ್ಚೆಗೆ ಪ್ರಶ್ನೆಗಳು

1. ಊಟ, ವಸತಿ, ವಿದ್ಯಾರ್ಥಿವೇತನ ಇವುಗಳನ್ನು ಕೂಲಿ ಎಂದು ಕರೆಯಬಹುದೇ?
2. ಊರವರದೇ ಆದ ತಂಡಕ್ಕೂ ಶ್ರೀಮಂತ ಮಾಲೀಕರ ತಂಡಕ್ಕೂ ಒಂದೇ ವೇತನ ನಿಯಮ ಇರಬೇಕೇ?
3. ಹದಿನೈದರ ಹುಡುಗನ ಪರವಾಗಿ ತಂದೆತಾಯಿ ಕರಾರಿಗೆ ಸಹಿ ಹಾಕುವ ಮೊದಲು ಯಾವ ಮೂರು ವಿಷಯ ಕೇಳಬೇಕು?