ಆಳು ಮತ್ತು ಆಳುವವನು

ಕನ್ನಡದಲ್ಲಿ ‘ಆಳು’ ಎಂಬ ಮಾತಿಗೆ ಎರಡು ಮುಖ. ನಾಮಪದವಾದರೆ ಸೇವಕ, ಕ್ರಿಯಾಪದವಾದರೆ ರಾಜ್ಯಭಾರ ಮಾಡು. ಇವೆರಡೂ ಒಬ್ಬನಲ್ಲೇ ಕೂಡಬಹುದೆ? ಕೂಡಬೇಕು ಎಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ಎ.ಟಿ. ಅಂಡ್ ಟಿ. ಎಂಬ ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ಸುಮಾರು ನಾಲ್ಕು ದಶಕ ದುಡಿದು 1964ರಲ್ಲಿ ನಿವೃತ್ತರಾದ ಇವರು, 1970ರಲ್ಲಿ ಒಂದು ಪ್ರಬಂಧ ಬರೆದರು. ಅದರ ವಾದಕ್ಕೆ ‘ಸೇವಕ ನಾಯಕತ್ವ’ ಎಂದು ಹೆಸರು. ಮೊದಲು ಸೇವೆಯ ಹಂಬಲ, ಆಮೇಲೆ ನಾಯಕತ್ವ. ಈ ಕ್ರಮವೇ ಮುಖ್ಯ.

ಈ ವಿಚಾರ ಅವರಿಗೆ ಹೊಳೆದದ್ದು ಹರ್ಮನ್ ಹೆಸ್ಸೆ 1932ರಲ್ಲಿ ಪ್ರಕಟಿಸಿದ, ಪೂರ್ವದೇಶದ ಯಾತ್ರೆಯನ್ನು ಕುರಿತ ಕಾದಂಬರಿಯಿಂದ. ಅದರಲ್ಲಿ ಲಿಯೋ ಎಂಬ ಆಳು ಯಾತ್ರಿಕರ ಸೇವೆ ಮಾಡುತ್ತಾನೆ. ಒಂದು ದಿನ ಕಾಣೆಯಾಗುತ್ತಾನೆ; ತಂಡ ಒಡೆದುಹೋಗುತ್ತದೆ. ಬಹುಕಾಲದ ಮೇಲೆ ತಿಳಿಯುತ್ತದೆ, ಆ ಪಂಥದ ಮುಖ್ಯಸ್ಥ ಅವನೇ ಎಂದು.

ಇದನ್ನು ಓದಿ ನನಗೆ ಒಳಗೊಳಗೇ ಹಿಗ್ಗು. ಹೋದ ವರ್ಷ ನಮ್ಮ ಸಂಘದ ಕಾರ್ಯದರ್ಶಿ ನಾನೇ ತಾನೆ! ಆಮಂತ್ರಣ ಬರೆದದ್ದು, ಹಾಲ್ ಗೊತ್ತು ಮಾಡಿದ್ದು, ಕುರ್ಚಿ ಹಾಕಿದ್ದು, ಚಹಾ ಹಂಚಿದ್ದು ಎಲ್ಲಾ ನಾನೇ. ಯಾರಾದರೂ ಕೈಜೋಡಿಸಲು ಬಂದರೆ “ಬಿಡ್ರೋ, ನಾ ಮಾಡ್ತೀನಿ” ಅನ್ನುತ್ತಿದ್ದೆ. ಆಳು ಮಾಡಿದ್ದು ಹಾಳು, ತಾನು ಮಾಡಿದ್ದು ಉತ್ತಮ ಅಂತ ಗಾದೆಯೇ ಇದೆಯಲ್ಲ! ಯುಗಾದಿ ಕಾರ್ಯಕ್ರಮದ ಹೊತ್ತಿಗೆ ಟೈಫಾಯ್ಡ್ ಬಂದು ಮಲಗಿದೆ. ಹಾಲ್‌ನ ರಸೀದಿ ಎಲ್ಲಿದೆ, ಅತಿಥಿಗಳನ್ನು ಕರೆತರುವವರು ಯಾರು, ಒಬ್ಬರಿಗೂ ಗೊತ್ತಿರಲಿಲ್ಲ. ಕಾರ್ಯಕ್ರಮ ನಡೆಯಲೇ ಇಲ್ಲ. “ನಾನಿಲ್ದೆ ಆಗ್ಲಿಲ್ಲ ನೋಡಿ” ಎಂದು ಬೀಗಿದೆ. ನಾನೂ ಲಿಯೋ ಆಗಿದ್ದೆ!

ಆದರೆ ಗ್ರೀನ್‌ಲೀಫರು ಇಟ್ಟ ಪರೀಕ್ಷೆ ಬೇರೆ. ನಾಯಕ ಎಷ್ಟು ಬೆವರು ಸುರಿಸಿದ ಎಂಬುದಲ್ಲ ಪ್ರಶ್ನೆ. ಸೇವೆ ಪಡೆದವರು ಬೆಳೆದರೇ? ಹೆಚ್ಚು ತಿಳಿದವರೂ ಸ್ವತಂತ್ರರೂ ಆದರೇ? ತಾವೂ ಸೇವೆಗೆ ಮುಂದಾದರೇ? ಸಮಾಜದ ಕಡೆಯವನಿಗೆ ಒಳಿತಾಯಿತೇ? ಈ ಪರೀಕ್ಷೆಯಲ್ಲಿ ನಾನು ನಪಾಸು.

ಪಾಸಾದವರ ಉದಾಹರಣೆ ಮುಂಬಯಿಗೆ ಹತ್ತಿರದಲ್ಲೇ ಇದೆ. ಗುಜರಾತಿನ ಖೇಡಾ ಜಿಲ್ಲೆಯ ಹಾಲು ಈ ಊರಿಗೆ ಬರುತ್ತಿತ್ತು. ಲಾಭ ಮಾತ್ರ ನಡುವಿನವರಿಗೆ. ರೈತರು ಹಾಲು ಕೊಡದೆ ಮುಷ್ಕರ ಹೂಡಿ, 1946ರಲ್ಲಿ ಸ್ವಂತ ಸಹಕಾರ ಸಂಘ ಕಟ್ಟಿದರು. ಮುಂದೆ ಅಮುಲ್ ಎಂದು ಹೆಸರಾದದ್ದು ಅದೇ. ಅಧ್ಯಕ್ಷ ತ್ರಿಭುವನದಾಸ ಪಟೇಲರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಕೂಡಿಸಿದರು. 1949ರಲ್ಲಿ ಆನಂದಕ್ಕೆ ಬಂದಿದ್ದ ಇಂಜಿನಿಯರ್ ವರ್ಗೀಸ್ ಕುರಿಯನ್ ಊರು ಬಿಡಲು ಹೊರಟಾಗ ಒಪ್ಪಿಸಿ ಉಳಿಸಿಕೊಂಡರು. ಡೈರಿಯ ಕೆಲಸ ನಂಬಿ ಬಿಟ್ಟುಕೊಟ್ಟರು. ಕುರಿಯನ್ನರೇನೂ ಮೆದುಮಾತಿನವರಲ್ಲ. ಆದರೂ ತಾವು ರೈತರ ನೌಕರರೆಂದೇ ಹೇಳಿಕೊಂಡರು. ಹಳ್ಳಿಯ ಸಂಘದಲ್ಲಿ ಒಂದು ಎಮ್ಮೆ ಇದ್ದವರಿಗೂ ಹತ್ತು ಇದ್ದವರಿಗೂ ಒಂದೇ ಓಟು. ಪಟೇಲರು ಅಧ್ಯಕ್ಷಗಿರಿ ಬಿಟ್ಟ ಮೇಲೂ ಸಂಘ ಬೆಳೆಯುತ್ತಲೇ ಹೋಯಿತು.

ಇನ್ನು ಪರಿಣಾಮಗಳು. ಇಂಥ ಮೇಲಧಿಕಾರಿಯ ಕೈಕೆಳಗೆ ನೌಕರರಲ್ಲಿ ನಂಬಿಕೆ, ಕೆಲಸದ ತೃಪ್ತಿ, ಜೊತೆಯವರಿಗೆ ನೆರವಾಗುವ ಗುಣ ಹೆಚ್ಚು. ಕೆಲಸ ಬಿಡುವ ಯೋಚನೆ ಕಡಿಮೆ ಎಂದು ಸಂಶೋಧಕರು ಕಂಡಿದ್ದಾರೆ. ತಪ್ಪಾದರೆ ಮುಚ್ಚಿಡದೆ ಹೇಳುವ ಧೈರ್ಯ ಬಂದಾಗ ಸಂಸ್ಥೆಗೂ ಲಾಭ. ಆದರೆ ಈ ಅಧ್ಯಯನಗಳಲ್ಲಿ ಬಹುಪಾಲು ಪ್ರಶ್ನಾವಳಿಯಿಂದ ನಡೆದವು. ಯಾವುದು ಕಾರಣ, ಯಾವುದು ಫಲ ಎಂದು ಬಿಡಿಸುವುದು ಕಷ್ಟ. ಬೆಂಕಿ ಬಿದ್ದಾಗ ಸಭೆ ಕರೆದು ಎಲ್ಲರ ಮಾತು ಕೇಳುತ್ತ ಕೂರಲೂ ಆಗದು.

ಮಿತ್ರರೆ, ನಾಳೆ ನಾವು ಬ್ಯಾಂಕು, ಆಫೀಸು ಸೇರುತ್ತೇವೆ. ಕೆಲವರು ಮ್ಯಾನೇಜರೂ ಆದೇವು. ನಾವು ರಜೆ ಹಾಕಿದ ದಿನ ಕೆಲಸ ನಿಂತರೆ ಹಿಗ್ಗುವುದು ಬೇಡ. ಈ ವರ್ಷ ನಮ್ಮ ಸಂಘದ ಲೆಕ್ಕ ಬರೆಯುವವರು ಒಬ್ಬರು, ಹಾಲ್ ನೋಡುವವರು ಇನ್ನೊಬ್ಬರು. ಮೊದಲ ಸಭೆಗೆ ಚಹಾ ಬರುವುದು ತಡವಾಯಿತು. ನನ್ನ ಕೈ ತುರಿಸುತ್ತಿತ್ತು. ಆದರೂ ಸುಮ್ಮನೆ ಕೂತಿದ್ದೆ. ಚಹಾ ಬಂತು.